ಪಿಟ್ಲೆಸಿಯ ಜಾತ್ರೆ, ಹುಲಗೂರಿನ ಸಕ್ಕರೆ

ಶಿಗ್ಗಾವಿ ತಾಲ್ಲೂಕಿನ ಹುಲಗೂರಿಗೆ ಹೋದವರು ಖಾದರಶಾವಲಿಯ ದರ್ಗಾದಲ್ಲಿ ಸಕ್ಕರೆ ಓದಿಸುತ್ತಾರೆ. ಪೊಟ್ಟಣವನ್ನು ಮುಲ್ಲಾನ ಕೈಗೆ ಕೊಟ್ಟು, ಫಾತೇಹಾ ಮುಗಿದ ಮೇಲೆ ಮರಳಿ ಪಡೆದು, ಊರಿಗೆ ಬಂದು ನೆರೆಹೊರೆಗೆಲ್ಲ ಚಿಟಿಕೆ ಚಿಟಿಕೆ ಹಂಚುವುದು ಈ ಕಡೆ ಹಿಂದೂ-ಮುಸಲ್ಮಾನರಿಬ್ಬರಿಗೂ ಗೊತ್ತಿರುವ ರೂಢಿ. ಮಕ್ಕಳಿಲ್ಲದ ಇಮಾಮಸಾಹೇಬ ಮತ್ತು ಹಜ್ಜೂಮಾ ಹರಕೆ ಹೊತ್ತದ್ದು ಇಲ್ಲಿಗೇ, 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರು ಆ ಹರಕೆಯ ಫಲ ಎಂಬುದು ಜನರ ನಂಬಿಕೆ. ಉರುಸು, ಜಾತ್ರೆ ಎಂದರೆ ನಮಗೆ ದೇವರಷ್ಟೇ ಅಲ್ಲ. ಬಳೆಗಾರ, ಬೆಂಡು-ಬತ್ತಾಸಿನ ಅಂಗಡಿ, ಮರಳುವಾಗ ಕೈಯಲ್ಲೊಂದು ಪಳಾರದ ಗಂಟು. ಇಂಥದೇ ಒಂದು ಹಳ್ಳಿ ಜಾತ್ರೆಯನ್ನು ನೆಚ್ಚಿ ಕುಂಚ ಹಿಡಿದವನು ಸ್ಕಾಟ್‌ಲೆಂಡಿನ ಡೇವಿಡ್ ವಿಲ್ಕಿ. ದೂರದವನು ನಿಜ, ಆದರೆ ಕನ್ನಡನಾಡಿಗೆ ತೀರ ಹೊರಗಿನವನೇನಲ್ಲ.

ವಿಲ್ಕಿ 1785ರಲ್ಲಿ ಫೈಫ್ ಸೀಮೆಯ ಕಲ್ಟ್ಸ್‌ನಲ್ಲಿ ಹುಟ್ಟಿದ. ತಂದೆ ಅಲ್ಲಿನ ಪಾದ್ರಿ. ಎಡಿನ್‌ಬರೋದಲ್ಲಿ ಚಿತ್ರಕಲೆ ಕಲಿತು 1804ರಲ್ಲಿ ಊರಿಗೆ ಮರಳಿದ ಹುಡುಗ ದೇವದೂತರನ್ನೋ ರಾಜರನ್ನೋ ಬರೆಯಲಿಲ್ಲ. ಪಕ್ಕದ ಪಿಟ್ಲೆಸಿ ಹಳ್ಳಿಯ ಜಾತ್ರೆ ಬರೆದ. ದನ, ನಾಯಿ, ಕುಡುಕ, ವ್ಯಾಪಾರಿ, ಅಳುವ ಕೂಸು ಎಲ್ಲ ಸೇರಿದ ಆ ಒಂದೇ ಪಟದಲ್ಲಿ ನೂರಕ್ಕೂ ಮಿಕ್ಕಿ ಜನರಿದ್ದಾರೆ. ಮುಖಗಳೆಲ್ಲ ಅವನ ಊರಿನವರವೇ. ಚರ್ಚಿನಲ್ಲಿ ಅಪ್ಪ ಪ್ರವಚನ ಮಾಡುತ್ತಿದ್ದರೆ ಮಗ ಕುಳಿತವರ ಮೂಗು-ಗದ್ದಗಳನ್ನು ಗೀಚಿಕೊಳ್ಳುತ್ತಿದ್ದನಂತೆ! 25 ಪೌಂಡಿಗೆ ಪಟ ಮಾರಿದ ಅವನು 1805ರಲ್ಲಿ ಲಂಡನ್ನಿಗೆ ಹೊರಟ.

ಲಂಡನ್ನಿನಲ್ಲೂ ಅವನ ಮನಸ್ಸು ಹಳ್ಳಿಯನ್ನು ಬಿಡಲಿಲ್ಲ. 1818ರ ‘ಪೆನ್ನಿ ಮದುವೆ’ಯನ್ನೇ ನೋಡಿ. ಬಂದವರು ಒಂದೊಂದು ಪೆನ್ನಿ ಹಾಕಿ ಊಟ-ಕುಣಿತದ ಖರ್ಚು ತೂಗಿಸುತ್ತಿದ್ದ ಸ್ಕಾಟಿಷ್ ಪದ್ಧತಿ ಅದು. ನಮ್ಮ ಮುಯ್ಯಿ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಪಳಾರಕ್ಕೂ ಅಲ್ಲೊಂದು ಜೋಡಿಯಿತ್ತು. ಕಾಕಂಬಿ, ಶುಂಠಿ ಹಾಕಿ ಬೇಯಿಸಿದ ‘ಜಿಂಜರ್‌ಬ್ರೆಡ್’ ಜಾತ್ರೆಗಳಲ್ಲಿ ಬಿಕರಿಯಾಗುತ್ತಿತ್ತು. ಜಾತ್ರೆಯಿಂದ ಮನೆಗೆ ಒಯ್ಯುವ ಕೊಡುಗೆಗೆ ‘ಫೇರಿಂಗ್’ ಎಂದೇ ಹೆಸರು.

ಮುಂದೆ ವಿಲ್ಕಿಗೆ ದೊಡ್ಡವರ ಆಶ್ರಯ ಸಿಕ್ಕಿತು. ಅವನ ‘ಚೆಲ್ಸಿ ಪಿಂಚಣಿದಾರರು’ ಚಿತ್ರಕ್ಕೆ ವೆಲಿಂಗ್ಟನ್ ಡ್ಯೂಕ್ 1,200 ಗಿನಿ ಕೊಟ್ಟ. 1822ರಲ್ಲಿ ಅದನ್ನು ನೋಡಲು ನುಗ್ಗಿದ ಜನರನ್ನು ತಡೆಯಲು ಕಟಕಟೆ ಹಾಕಬೇಕಾಯಿತು. (ಈ ಡ್ಯೂಕ್ ಬೇರಾರೂ ಅಲ್ಲ, 1800ರಲ್ಲಿ ಧೋಂಡಿಯ ವಾಘನ ಬೆನ್ನಟ್ಟಿ ಸವಣೂರಿನ ಸೀಮೆಗೆ ದಂಡು ತಂದ ಆರ್ಥರ್ ವೆಲ್ಲೆಸ್ಲಿ.) ಆಮೇಲೆ ಜನರಲ್ ಬೇರ್ಡ್‌ನ ವಿಧವೆಯ ಅಪೇಕ್ಷೆಯಂತೆ ವಿಲ್ಕಿ ಶ್ರೀರಂಗಪಟ್ಟಣವನ್ನು ಬರೆದ: 1799ರ ಮೇ 4ರ ರಾತ್ರಿ, ಟಿಪ್ಪುವಿನ ಶವ, ಪಂಜಿನ ಬೆಳಕು, ನಡುವೆ ಬೇರ್ಡ್. ಅವನ ಕಾಲಡಿಗೆ ಹಿಂದೆ ಅವನೇ ಸೆರೆಯಿದ್ದ ನೆಲಮಾಳಿಗೆಯ ಸರಳುಕಿಂಡಿ. 1839ರಲ್ಲಿ ಮುಗಿದ ಈ ಪಟ ಆಳೆತ್ತರಕ್ಕೂ ಮಿಗಿಲು. ಆದರೆ ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ನನ್ನ ಕಣ್ಣಿಗೆ ಅದು ನಾಟಕದ ಕೊನೆಯ ಅಂಕದಂತೆ ಕಾಣುತ್ತದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದಾರೆ. ಪಿಟ್ಲೆಸಿಯಲ್ಲಿ ಒಬ್ಬನೂ ಹಾಗೆ ನಿಂತಿಲ್ಲ. ವಿಲ್ಕಿ ಆ ಜಾತ್ರೆಯ ಕೆಸರು ತುಳಿದಿದ್ದ.

ತುಳಿದ ನೆಲವನ್ನೇ ರೂಪಿಸಿದ ಕಲಾವಿದ ಹುಲಗೂರಿನ ತಾಲ್ಲೂಕಿನಲ್ಲೂ ಇದ್ದರು. 2020ರಲ್ಲಿ ತೀರಿಕೊಂಡ ಟಿ.ಬಿ. ಸೊಲಬಕ್ಕನವರ ಚಿತ್ರಕಾರರು, ಶಿಲ್ಪಿ, ದೊಡ್ಡಾಟದ ಮೋಹಿ. ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಗೊಟಗೋಡಿಯಲ್ಲಿ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯೇ ಸಿಮೆಂಟಿನಲ್ಲಿ ನಿಂತಿದೆ: ದನಕರು, ಕಸುಬಿನವರು, ಮನೆಗೆಲಸದ ಹೆಂಗಸರು. ಹಳ್ಳಿಯಿಂದಲೇ ಬಂದ ಅಜ್ಜಿಯರು ಅಲ್ಲಿ ಮೊಮ್ಮಕ್ಕಳಿಗೆ ಬೀಸುಕಲ್ಲನ್ನು ಬೆರಳು ಮಾಡಿ ತೋರಿಸಬೇಕಾಗಿದೆ. ಹಿಗ್ಗಬೇಕೋ ಕೊರಗಬೇಕೋ ತಿಳಿಯದು.

ಸಿಮೆಂಟಿನಲ್ಲಿ ನಿಲ್ಲಿಸಲಾಗದ್ದೂ ಒಂದಿದೆ. ದೀಪಾವಳಿಯ ಮುಂದಿನ ಗೌರಿ ಹುಣ್ಣಿಮೆಗೆ ಈ ಸೀಮೆಯ ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಡುತ್ತಾರೆ. ಸಕ್ಕರೆಯನ್ನು ಕುದಿಸಿ, ಹಾಲು ಹಾಕಿ ಕೊಳೆ ತೆಗೆದು, ನೀರಲ್ಲಿ ನೆನೆಸಿ ಜೋಡಿಸಿದ ಮರದ ಅಚ್ಚಿಗೆ ಆ ಪಾಕ ಹೊಯ್ದರೆ ಆನೆ, ಒಂಟೆ, ನವಿಲು, ತೇರು ಮೂಡುತ್ತವೆ. ಪಾಕದ ಹದ ಕೊಂಚ ತಪ್ಪಿದರೂ ಗೊಂಬೆ ಅಚ್ಚು ಬಿಡುವುದಿಲ್ಲ. ಮದುವೆ ಗೊತ್ತಾದ ಹುಡುಗಿಗೆ ಬೀಗರ ಮನೆಯಿಂದ ಸೀರೆಯೊಡನೆ ಬರುವುದೂ ಇದೇ. ಎರಡು ಹೋಳಿನ ಆ ಅಚ್ಚನ್ನು ಕೆತ್ತುವುದು ಬಡಿಗನ ಕೆಲಸ; ಆನೆಯನ್ನು ಒಳಮುಖವಾಗಿ, ಉಬ್ಬಿಗೆ ತಗ್ಗಾಗಿ ಕಾಣಬಲ್ಲ ಕಣ್ಣು ಬೇಕು. ಅಚ್ಚು ಸೀಳಿದರೆ ಇನ್ನೊಂದನ್ನು ಕೆತ್ತುವವನನ್ನು ಹುಡುಕಬೇಕು. ಗೊಂಬೆಗಳ ಗತಿಯೇನೋ ಮೊದಲೇ ಗೊತ್ತು: ಆರತಿ ಮುಗಿಯುವ ಮುನ್ನವೇ ಯಾವನೋ ಪೋರ ಆನೆಯ ಸೊಂಡಿಲು ಮುರಿದು ಬಾಯಿಗೆ ಹಾಕಿಕೊಂಡಿರುತ್ತಾನೆ.