ಸಂಜೆ ಏಳು ಗಂಟೆಯ ಪರೀಕ್ಷೆ

ಮೈಸೂರಿನಿಂದ ನಂಜನಗೂಡಿನ ಹೆದ್ದಾರಿಯಲ್ಲಿ ಹನ್ನೆರಡು ಹದಿಮೂರು ಕಿಲೊಮೀಟರು ಸಾಗಿದರೆ ಕಡಕೊಳ ಸಿಕ್ಕುತ್ತದೆ. ನಂಜುಂಡೇಶ್ವರನ ದರ್ಶನಕ್ಕೆ ಹೊರಟವರು ಇದನ್ನು ದಾರಿಯ ಒಂದು ಸಣ್ಣ ರೈಲು ನಿಲ್ದಾಣವೆಂದಷ್ಟೇ ಬಲ್ಲರು. ಭೌತವಿಜ್ಞಾನದ ಪಾಠ ಹೇಳುವ ನಮ್ಮಂಥವರ ಕಣ್ಣು ಮಾತ್ರ ಅಲ್ಲಿನ ವಿದ್ಯುತ್ ಉಪಕೇಂದ್ರದ ಕಡೆಗೆ ಹೊರಳುತ್ತದೆ. 2,20,000 ವೋಲ್ಟಿನ ತಂತಿಗಳಲ್ಲಿ ಬಂದ ವಿದ್ಯುಚ್ಛಕ್ತಿ ಇಲ್ಲಿಯ ಪರಿವರ್ತಕಗಳಲ್ಲಿ ತನ್ನ ಒತ್ತಡವನ್ನು ಇಳಿಸಿಕೊಂಡು, ಸುತ್ತಲಿನ ಕಾರ್ಖಾನೆಗಳಿಗೂ ಹೊಲದ ಪಂಪುಗಳಿಗೂ ಮನೆಯ ದೀಪಗಳಿಗೂ ಹಂಚಿಹೋಗುವ ದಾರಿ ಹಿಡಿಯುತ್ತದೆ.

ಆ ತಂತಿಯಲ್ಲಿರುವುದು ಶರಾವತಿಯ ನೀರಿನ ಶಕ್ತಿಯೊ, ರಾಯಚೂರಿನ ಕಲ್ಲಿದ್ದಲಿನದೊ, ಪಾವಗಡದ ಬಿಸಿಲಿನದೊ? ತಂತಿಯನ್ನು ನೋಡಿ ಹೇಳುವುದು ಅಸಾಧ್ಯ. ಹಲವು ಹಳ್ಳಗಳ ನೀರು ಒಂದು ಕೆರೆಯಲ್ಲಿ ಸೇರಿದ ಮೇಲೆ ಯಾವ ಹನಿ ಯಾವ ಹಳ್ಳದ್ದೆಂದು ಯಾರು ಹೇಳಬಲ್ಲರು? ಆದರೆ ಯಾವ ಹಳ್ಳದಿಂದ ಎಷ್ಟು ನೀರು ಬಂದಿತೆಂಬ ಲೆಕ್ಕವನ್ನು ಇಡಬಹುದು. ಆ ಲೆಕ್ಕವೇ ಈಗ ಎಲ್ಲ ರಾಜ್ಯ ಸರ್ಕಾರಗಳ ಮುಂದಿದೆ. ಇಂಗಾಲದ ಹೊಗೆಯನ್ನು ತಗ್ಗಿಸುತ್ತಲೇ ಏಳಿಗೆಯನ್ನು ಸಾಧಿಸಲು ಒಂದು ರಾಜ್ಯ ಎಷ್ಟರಮಟ್ಟಿಗೆ ಸಿದ್ಧವಾಗಿದೆ? ಅದನ್ನು ಅಳೆಯುವ ಬಗೆ ಹೇಗೆ? ಇವೆರಡನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮೊದಲು ಮಾತಿನ ಅರ್ಥವನ್ನು ತಿಳಿಯಬೇಕು. ಒಂದು ಮನೆಯಲ್ಲಿ ಹತ್ತು ಮಂದಿಗೆ ಅಡಿಗೆ ಮಾಡಲು ಹತ್ತು ಕಟ್ಟಿಗೆ ಬೇಕಾಗುತ್ತಿತ್ತೆನ್ನಿ. ಒಲೆಯನ್ನು ಸರಿಪಡಿಸಿದ ಮೇಲೆ ಅದೇ ಹತ್ತು ಕಟ್ಟಿಗೆಯಲ್ಲಿ ಹದಿನೆಂಟು ಮಂದಿಗೆ ಅಡಿಗೆಯಾಯಿತು. ಉರಿದ ಸೌದೆ ಅಷ್ಟೇ. ಆದರೆ ತಲೆಗೆ ತಗಲುವ ಸೌದೆ ಕಡಿಮೆಯಾಯಿತು. ಇದೇ ರೀತಿ, ದೇಶದ ಉತ್ಪನ್ನದ ಒಂದೊಂದು ರೂಪಾಯಿಗೆ ಎಷ್ಟು ಇಂಗಾಲಾಮ್ಲವಾಯು ಹೊರಬೀಳುತ್ತದೆಂಬುದನ್ನು ಲೆಕ್ಕಹಾಕುವುದುಂಟು. 2005ರಲ್ಲಿ ಇದ್ದ ಈ ಪ್ರಮಾಣವನ್ನು 2030ರೊಳಗೆ ಶೇಕಡ 45ರಷ್ಟು ತಗ್ಗಿಸುವುದಾಗಿ ಭಾರತ 2022ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಮಾತು ಕೊಟ್ಟದ್ದು ದೆಹಲಿ. ಆದರೆ ನೆಲ, ನೀರು, ಬೇಸಾಯ ಇವೆಲ್ಲ ಸಂವಿಧಾನದ ಪ್ರಕಾರ ರಾಜ್ಯಗಳ ಅಧೀನ. ವಿದ್ಯುತ್ತು ಇಬ್ಬರಿಗೂ ಸೇರಿದ್ದು. ಆದ್ದರಿಂದ ಮಾತು ನಡೆಯುವುದೂ ಮುರಿಯುವುದೂ ರಾಜ್ಯಗಳ ಸಿದ್ಧತೆಯನ್ನೇ ಅವಲಂಬಿಸಿದೆ.

ಸಿದ್ಧತೆ ಎಂದರೇನು? ಇದಕ್ಕೆ ನಮ್ಮ ನಾಡಿನ ಹಳೆಯ ಉದಾಹರಣೆಯೊಂದಿದೆ. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ತನ್ನು ಪಡೆದು ಸುಮಾರು 147 ಕಿಲೊಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿತು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರು ಈ ಯೋಜನೆಯನ್ನು ಕೈಗೆತ್ತಿಕೊಂಡಾಗ ಕೇವಲ ಜಲಪಾತವನ್ನು ನಂಬಿ ಕುಳಿತಿರಲಿಲ್ಲ. ಶಕ್ತಿಯ ಮೂಲ, ಅದನ್ನು ಒಯ್ಯುವ ತಂತಿ, ಹಣ ತೆತ್ತು ಕೊಳ್ಳುವ ಗಿರಾಕಿ, ಈ ಮೂರನ್ನೂ ಒಟ್ಟಿಗೆ ಏರ್ಪಡಿಸಲಾಗಿತ್ತು. ಮೂರರಲ್ಲಿ ಒಂದು ತಪ್ಪಿದ್ದರೂ ಯಂತ್ರಗಳು ತಿರುಗಿಯೂ ಫಲವಿರುತ್ತಿರಲಿಲ್ಲ. ಈ ಮೂರರ ಜೊತೆಗೆ ಇಂದು ಇನ್ನೂ ಎರಡು ಪ್ರಶ್ನೆಗಳು ಸೇರಿಕೊಂಡಿವೆ: ಶಕ್ತಿ ದೊರಕುವ ಹೊತ್ತು ಯಾವುದು? ಬದಲಾವಣೆಯ ಭಾರವನ್ನು ಹೊರುವವರು ಯಾರು?

ಮೂಲದ ವಿಷಯದಲ್ಲಿ ಕರ್ನಾಟಕದ ಸ್ಥಿತಿ ಹೆಮ್ಮೆಪಡುವಂತಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯ ಮೇಲೆ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ರಾಯಚೂರಿನ ಕಲ್ಲಿದ್ದಲ ಸ್ಥಾವರದ್ದು 1,720 ಮೆಗಾವಾಟ್. ಹಾಗಾದರೆ ಪಾವಗಡವು ರಾಯಚೂರನ್ನು ಮೀರಿಸಿತೆ? ಇಲ್ಲಿ ಎಚ್ಚರ ಬೇಕು. ವಾಟ್ ಎಂಬುದು ಕೆಲಸದ ವೇಗದ ಅಳತೆ. ಯೂನಿಟ್ಟು ಎಂಬುದು ಮುಗಿದ ಕೆಲಸದ ಅಳತೆ. ಇವೆರಡನ್ನು ಬೆರಸುವ ತಪ್ಪನ್ನು ನಮ್ಮ ವಿದ್ಯಾರ್ಥಿಗಳು ಮಾತ್ರವಲ್ಲ, ವೃತ್ತಪತ್ರಿಕೆಗಳೂ ಮಾಡುತ್ತವೆ. ಸೌರಫಲಕದ ಒಂದು ಕಿಲೊವಾಟ್ ನಮ್ಮಲ್ಲಿ ದಿನಕ್ಕೆ ಸುಮಾರು ಐದು ಯೂನಿಟ್ಟನ್ನು ಕೊಡುತ್ತದೆ. ಅದರಂತೆ ಪಾವಗಡದಿಂದ ದಿನಕ್ಕೆ ಒಂದು ಕೋಟಿ ಯೂನಿಟ್ಟು. ರಾಯಚೂರಿನ ಯಂತ್ರಗಳೆಲ್ಲ ಇಪ್ಪತ್ತನಾಲ್ಕು ಗಂಟೆಯೂ ಪೂರ್ಣವಾಗಿ ತಿರುಗಿದರೆ ನಾಲ್ಕು ಕೋಟಿ ಯೂನಿಟ್ಟಿಗೂ ಮಿಗಿಲು. ಹಾಗೆಂದು ಪಾವಗಡದ ಕೊಡುಗೆ ಅಲ್ಪವೆಂದು ತಿಳಿಯಬಾರದು. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಸರಿಸುಮಾರು ಒಂದು ಕಿಲೊಗ್ರಾಂ ಇಂಗಾಲಾಮ್ಲವಾಯು ಹೊರಡುವುದರಿಂದ, ಪಾವಗಡದ ಬಿಸಿಲು ದಿನಕ್ಕೆ ಹತ್ತು ಸಾವಿರ ಟನ್ನಿನಷ್ಟನ್ನು ತಪ್ಪಿಸಬಲ್ಲುದು. ಆದರೆ ಸ್ಥಾಪಿಸಿದ ಮೆಗಾವಾಟುಗಳನ್ನು ಎಣಿಸಿ ಸಿದ್ಧತೆಯನ್ನು ನಿರ್ಣಯಿಸುವುದು, ಪಾತ್ರೆಗಳನ್ನು ಎಣಿಸಿ ಊಟವಾಯಿತೆಂದು ಹೇಳಿದಂತೆ.

ಇನ್ನು ಹೊತ್ತಿನ ಪ್ರಶ್ನೆ. ಸಂಜೆ ಏಳು ಗಂಟೆಯ ವೇಳೆಗೆ ಪಾವಗಡದ ಫಲಕಗಳು ಮಲಗಿರುತ್ತವೆ. ಅದೇ ಹೊತ್ತಿಗೆ ಕಡಕೊಳದ ಮನೆಗಳಲ್ಲಿ ದೀಪ ಹತ್ತುತ್ತದೆ, ಮಿಕ್ಸಿ ತಿರುಗುತ್ತದೆ. ಪಾಳಿಯ ಕಾರ್ಖಾನೆಗಳಿಗೆ ಬಿಡುವಿಲ್ಲ. ವಿದ್ಯುತ್ತನ್ನು ಕಣಜದಲ್ಲಿ ತುಂಬಿಡುವಂತಿಲ್ಲ. ಬೇಡಿಕೆ ಬಂದ ಕ್ಷಣದಲ್ಲಿಯೇ ಅದನ್ನು ಉತ್ಪಾದಿಸಬೇಕು. ಇದಕ್ಕೆ ಎರಡು ಉಪಾಯಗಳಿವೆ. ಬೇಡಿಕೆಯನ್ನೇ ಬಿಸಿಲಿನ ಹೊತ್ತಿಗೆ ಸರಿಸುವುದು ಒಂದು. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿಯ ಪಂಪುಗಳಿಗೆ ಹೋಗುತ್ತದೆ. ಹಿಂದೆ ನಡುರಾತ್ರಿಯಲ್ಲಿ ಹಾವು ಚೇಳುಗಳ ನಡುವೆ ಗುಂಡಿ ಒತ್ತಲು ಹೋಗುತ್ತಿದ್ದ ರೈತನಿಗೆ ಹಗಲಿನಲ್ಲಿಯೇ ವಿದ್ಯುತ್ತನ್ನು ಕೊಡುವ ಏರ್ಪಾಡು ಬೆಳೆಯುತ್ತಿರುವುದು ಅವನಿಗೂ ಒಳಿತು, ತಂತಿಗೂ ಒಳಿತು.

ಎರಡನೆಯ ಉಪಾಯ, ಹಗಲಿನ ಶಕ್ತಿಯನ್ನು ಬೇರೆ ರೂಪದಲ್ಲಿ ಕೂಡಿಡುವುದು. ಬ್ಯಾಟರಿಯಲ್ಲಿ ಕೂಡಿಡಬಹುದು, ಇಲ್ಲವೆ ನೀರನ್ನು ಮೇಲೆತ್ತಿಟ್ಟು ಸಂಜೆ ಕೆಳಕ್ಕೆ ಬಿಡಬಹುದು. ಎಷ್ಟು ನೀರು ಬೇಕೆಂಬುದನ್ನು ನೋಡಿ. ಒಂದು ಯೂನಿಟ್ಟೆಂದರೆ 36 ಲಕ್ಷ ಜೂಲು. ಜೋಗದ ಎತ್ತರ 253 ಮೀಟರು. ಅಷ್ಟು ಎತ್ತರದಿಂದ 1,000 ಲೀಟರು ನೀರು ಇಳಿದರೆ, ನಷ್ಟವನ್ನು ಲೆಕ್ಕಿಸದೆಯೂ, ದೊರೆಯುವುದು ಒಂದು ಯೂನಿಟ್ಟಿನ ಮೂರನೆಯ ಎರಡು ಪಾಲು ಮಾತ್ರ! ಮೇಲೆತ್ತಲು ನಾಲ್ಕು ಯೂನಿಟ್ಟು ವೆಚ್ಚಮಾಡಿದರೆ ಹಿಂದಕ್ಕೆ ಬರುವುದು ಮೂರು ಚಿಲ್ಲರೆ. ಆದುದರಿಂದ ಈ ಬಗೆಯ ಯೋಜನೆಗೆ ಎರಡು ದೊಡ್ಡ ಜಲಾಶಯಗಳೂ ಅವುಗಳ ನಡುವೆ ಕಡಿದಾದ ಇಳಿಜಾರೂ ಬೇಕು. ಅಂಥ ಇಳಿಜಾರು ನಮ್ಮಲ್ಲಿರುವುದು ಪಶ್ಚಿಮಘಟ್ಟದಲ್ಲಿ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟಿನ ಯೋಜನೆಯೊಂದನ್ನು ಸೂಚಿಸಲಾಗಿದೆ. ಆದರೆ ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯವೂ ಹೌದು. ಹೊಗೆಯನ್ನು ತಪ್ಪಿಸಲು ಕಾಡನ್ನು ಕಡಿಯಬೇಕೆ ಎಂಬ ಪ್ರಶ್ನೆಯನ್ನು ಅಲ್ಲಿಯ ಜನರೂ ಪರಿಸರದ ವಿದ್ವಾಂಸರೂ ಎತ್ತಿದ್ದಾರೆ. ಈ ಪ್ರಶ್ನೆಯನ್ನು ಅಭಿವೃದ್ಧಿಯ ಅಡ್ಡಿಯೆಂದು ತಳ್ಳಿಹಾಕುವುದು ಸರಿಯಲ್ಲ. ಉತ್ತರ ಕೊಡುವುದೂ ಸಿದ್ಧತೆಯ ಭಾಗವೇ.

ಹೊತ್ತಿನ ಪರೀಕ್ಷೆ ಎಷ್ಟು ಕಠಿಣವೆಂಬುದನ್ನು 2023ರ ಬರಗಾಲ ತೋರಿಸಿಕೊಟ್ಟಿತು. ಮಳೆ ಕೈಕೊಟ್ಟುದರಿಂದ ಜಲಾಶಯಗಳು ತುಂಬಲಿಲ್ಲ. ಅದೇ ಕಾರಣದಿಂದ ಪಂಪುಗಳು ಹೆಚ್ಚು ತಿರುಗಿದವು. ನೀರಿನ ಶಕ್ತಿ ಇಳಿಯಿತು, ಬೇಡಿಕೆ ಏರಿತು. ಎರಡೂ ಒಂದೇ ಮೋಡವನ್ನು ನೆಚ್ಚಿಕೊಂಡಿದ್ದುದರಿಂದ ಎರಡು ಪೆಟ್ಟುಗಳು ಒಟ್ಟಿಗೆ ಬಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರವು ಕಾನೂನಿನ ವಿಶೇಷ ಅಧಿಕಾರವನ್ನು ಚಲಾಯಿಸಿ, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಮಾರಬೇಕೆಂದು ಆಜ್ಞೆ ಹೊರಡಿಸಬೇಕಾಯಿತು. ಒಳ್ಳೆಯ ವರ್ಷದ ಸರಾಸರಿಯಿಂದ ಸಿದ್ಧತೆಯನ್ನು ಅಳೆಯಬಾರದು. ಕೆಟ್ಟ ವರ್ಷದ ಕೆಟ್ಟ ಸಂಜೆಯಿಂದ ಅಳೆಯಬೇಕು.

ಮೂರನೆಯದು ಗಿರಾಕಿಯ ಪ್ರಶ್ನೆ, ಎಂದರೆ ಹಣದ ಚೀಲದ ಪ್ರಶ್ನೆ. ಕೋಲಾರದ ಗಣಿಗಳ ಸ್ಥಾನದಲ್ಲಿ ಇಂದು ಇರುವುದು ವಿತರಣ ಕಂಪನಿಗಳು. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಜಿಲ್ಲೆಗಳಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಆ ಕೆಲಸವನ್ನು ನಿರ್ವಹಿಸುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತ. ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯಂತೆ ತಿಂಗಳಿಗೆ 200 ಯೂನಿಟ್ಟಿನವರೆಗೆ ಮನೆಗಳಿಗೂ ಉಚಿತ. ಬಡವನ ಮನೆಯ ದೀಪಕ್ಕೆ ಸರ್ಕಾರ ಹಣ ತೆರುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಆ ಹಣ ಕಂಪನಿಗೆ ಹೊತ್ತಿಗೆ ಸರಿಯಾಗಿ ಸೇರದಿದ್ದರೆ, ಕಂಪನಿ ಉತ್ಪಾದಕನಿಗೆ ಕೊಡಲಾರದು, ಉತ್ಪಾದಕ ಹೊಸ ಯಂತ್ರವನ್ನು ಹೂಡಲಾರ. ಇನ್ನೊಂದು ವೈಚಿತ್ರ್ಯವುಂಟು: 2024ರಲ್ಲಿ ಕೇಂದ್ರ ಸರ್ಕಾರವು ಮನೆಯ ತಾರಸಿಯ ಮೇಲೆ ಸೌರಫಲಕ ಹಾಕಿಸುವವರಿಗೆ 78,000 ರೂಪಾಯಿಯವರೆಗೆ ಸಹಾಯಧನವನ್ನು ಗೊತ್ತುಮಾಡಿತು. ತಿಂಗಳ ಬಿಲ್ಲು ಸೊನ್ನೆಯಾಗಿರುವ ಮನೆಯವನು ಫಲಕವನ್ನು ಏಕೆ ಹಾಕಿಸಿಯಾನು? ಎರಡು ಎತ್ತುಗಳು ಎರಡು ಕಡೆಗೆ ಎಳೆದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಅಳತೆಗೋಲು ಬದಲಾದರೆ ಫಲವೂ ಬದಲಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. 2022ರ ಏಪ್ರಿಲ್‌ನಲ್ಲಿ ನೀತಿ ಆಯೋಗವು ರಾಜ್ಯಗಳ ಶಕ್ತಿ ಮತ್ತು ಹವಾಮಾನ ಸೂಚ್ಯಂಕವನ್ನು ಪ್ರಕಟಿಸಿ, ಆರು ವಿಷಯಗಳಲ್ಲಿ ಅಂಕಗಳನ್ನು ಕೊಟ್ಟಿತು. ಅತಿ ಹೆಚ್ಚಿನ ಅಂಕಗಳನ್ನು ವಿತರಣ ಕಂಪನಿಗಳ ಆರೋಗ್ಯಕ್ಕೆ ಮೀಸಲಿಟ್ಟಿತ್ತು. ದೊಡ್ಡ ರಾಜ್ಯಗಳಲ್ಲಿ ಮೊದಲ ಮೂರು ಸ್ಥಾನಗಳು ಗುಜರಾತು, ಕೇರಳ, ಪಂಜಾಬುಗಳ ಪಾಲಾದವು. ಮರುವರ್ಷ ಎಂಬರ್ ಮತ್ತು ಐ.ಇ.ಇ.ಎಫ್.ಎ. ಎಂಬ ಎರಡು ಸಂಸ್ಥೆಗಳು ಹದಿನಾರು ರಾಜ್ಯಗಳಲ್ಲಿ ಶುದ್ಧ ವಿದ್ಯುತ್ತಿನ ಕಡೆಗೆ ತಿರುಗುವ ಸಿದ್ಧತೆಯನ್ನು ಅಳೆದಾಗ ಮುಂದೆ ಬಂದದ್ದು ಕರ್ನಾಟಕ ಮತ್ತು ಗುಜರಾತು. ಕರ್ನಾಟಕ ಒಂದು ವರ್ಷದಲ್ಲಿ ಮೇಲೇರಿತೆಂದು ಇದರ ಅರ್ಥವಲ್ಲ. ಒಬ್ಬನೇ ಹುಡುಗನನ್ನು ಒಬ್ಬರು ಓಟದಲ್ಲಿಯೂ ಮತ್ತೊಬ್ಬರು ಈಜಿನಲ್ಲಿಯೂ ಪರೀಕ್ಷಿಸಿದಂತೆ ಆಯಿತು. ಆದ್ದರಿಂದ ಸ್ಥಾನವನ್ನು ಓದುವ ಮುಂಚೆ ಪ್ರಶ್ನೆಪತ್ರಿಕೆಯನ್ನು ಓದಬೇಕು.

ಉಳಿದಿರುವುದು ಭಾರ ಹೊರುವವರ ಮಾತು. ಶರಾವತಿಯ ಬೆಳಕಿಗಾಗಿ ಲಿಂಗನಮಕ್ಕಿಯ ನೀರಿನಲ್ಲಿ ಊರು ಕಳೆದುಕೊಂಡ ಕುಟುಂಬಗಳ ಜಮೀನಿನ ಹಕ್ಕಿನ ಮೊರೆ ಆರು ದಶಕಗಳ ಮೇಲೆಯೂ ಕೇಳಿಬರುತ್ತಿದೆ. ಪಾವಗಡದಲ್ಲಿ ಆ ಅನ್ಯಾಯ ಮರುಕಳಿಸಬಾರದೆಂದು ನೆಲವನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾದ ಗುತ್ತಿಗೆಗೆ ಪಡೆಯಲಾಯಿತು. ಇದು ಇತರ ರಾಜ್ಯಗಳೂ ಅನುಸರಿಸಬೇಕಾದ ಮಾರ್ಗ. ಆದರೂ ನೆಲವಿದ್ದವನಿಗೆ ಗುತ್ತಿಗೆಯ ಹಣ ಬಂದಿತು. ಆ ನೆಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ ಏನು ಬಂದಿತು? ನಾಳೆ ರಾಯಚೂರಿನ ಹಳೆಯ ಯಂತ್ರಗಳು ನಿಂತರೆ ಅಲ್ಲಿಯ ಕಾರ್ಮಿಕನಿಗೆ ಏನು ದಾರಿ? ಇದಕ್ಕೆ ಯಾವ ಸೂಚ್ಯಂಕದಲ್ಲಿಯೂ ಸಾಕಷ್ಟು ಅಂಕಗಳಿಲ್ಲ.

ಕಡಕೊಳ 2020ರಲ್ಲಿ ಪಟ್ಟಣ ಪಂಚಾಯತಿಯಾಯಿತು. ಸರಕಿನ ಕಂಟೇನರುಗಳ ಕೇಂದ್ರ ಬಂದಿದೆ; ಪಕ್ಕದ ತಾಂಡವಪುರ, ನಂಜನಗೂಡುಗಳಲ್ಲಿ ಕಾರ್ಖಾನೆಗಳಿವೆ. ಉಕ್ಕು, ಅಲ್ಯುಮಿನಿಯಂ ಮೊದಲಾದ ಕೆಲವು ಸರಕುಗಳಿಗೆ ಯೂರೋಪಿನ ಒಕ್ಕೂಟವು 2026ರ ಜನವರಿಯಿಂದ ಇಂಗಾಲದ ಸುಂಕವನ್ನು ಗೊತ್ತುಮಾಡಿರುವುದರಿಂದ, ಹೊಗೆಯ ಲೆಕ್ಕ ಇನ್ನು ಮೇಲೆ ವ್ಯಾಪಾರದ ಲೆಕ್ಕವೂ ಹೌದು. ನಮ್ಮ ತರಗತಿಗಳಿಂದ ಹೊರಬೀಳುವ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಹೋಗುವುದು ಇಂಥ ಕಾರ್ಖಾನೆಗಳಿಗೇ ಅಲ್ಲವೆ?

ಇನ್ನು ಮುಂದೆ ಯಾವ ರಾಜ್ಯವಾದರೂ ತಾನು ಇಷ್ಟು ಸಾವಿರ ಮೆಗಾವಾಟ್ ಸ್ಥಾಪಿಸಿದೆನೆಂದು ಹೇಳಿಕೊಂಡಾಗ ವಾಚಕರು ಸಂತೋಷಪಡಲಿ. ಜೊತೆಗೆ ನಾಲ್ಕು ಪ್ರಶ್ನೆಗಳನ್ನೂ ಕೇಳಲಿ. ಯೂನಿಟ್ಟು ಎಷ್ಟು ಬಂದಿತು? ಸಂಜೆ ಏಳು ಗಂಟೆಗೆ ಅದು ಇತ್ತೆ? ಹಣ ಸಂದಿತೆ? ಯಾರು ನೆಲ ಬಿಟ್ಟರು, ಅವರಿಗೆ ಏನು ಸಿಕ್ಕಿತು? ನಾಲ್ಕಕ್ಕೂ ಸಮಾಧಾನಕರವಾದ ಉತ್ತರವಿರುವ ರಾಜ್ಯವೇ ಸಿದ್ಧವಾದ ರಾಜ್ಯ. ಮೊದಲನೆಯದಕ್ಕೆ ಕರ್ನಾಟಕ ಚೆನ್ನಾಗಿಯೇ ಉತ್ತರ ಬರೆದಿದೆ. ಉಳಿದ ಮೂರನ್ನು ಬರೆಯುವುದಕ್ಕೆ 2030ರವರೆಗೆ ಇರುವ ಕಾಲ ಬಹಳವಲ್ಲ.