ಭಕ್ತಿ, ರಾಕ್ ಸಂಗೀತ ಮತ್ತು ಯುವಜನ: 'ಜೀಸಸ್ ಚಳವಳಿ'ಯ ಒಂದು ಅವಲೋಕನ

ಧಾರ್ಮಿಕ ಸಂದೇಶವು ಜನಪ್ರಿಯ ರೂಪವೊಂದನ್ನು ಸ್ವೀಕರಿಸಿದಾಗ ಬದಲಾಗುವುದು ಹೊರರೂಪ ಮಾತ್ರವೇ, ಸಂದೇಶವೂ ಬದಲಾಗುವುದೇ ಎಂಬ ಪ್ರಶ್ನೆ ಕನ್ನಡ ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ಕ್ರಿಸ್ತನ ಚರಿತ್ರೆಯನ್ನು ದೇಶೀಯ ಪದ್ಯರೂಪಕ್ಕೆ ಅಳವಡಿಸಿದ ಕಿಟೆಲ್ಲರ 'ಕಥಾಮಾಲೆ' (1862) ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ. ಒಂದು ಶತಮಾನದ ತರುವಾಯ ಅಮೆರಿಕದಲ್ಲಿ ಅದು ಬೇರೊಂದು ಬಗೆಯಲ್ಲಿ ಎದುರಾಯಿತು.

1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ತರುಣರಲ್ಲಿ ಹಲವರು ಕ್ರೈಸ್ತ ವಿಶ್ವಾಸದತ್ತ ಹೊರಳಿದರು. ಉದ್ದಗೂದಲಿನ, ಬರಿಗಾಲಿನ ಈ ತರುಣರನ್ನು ಅನೇಕ ಸಭೆಗಳು ಶಂಕೆಯಿಂದ ಕಂಡವು. ಕೋಸ್ಟಾ ಮೆಸಾದ ಕ್ಯಾಲ್ವರಿ ಚಾಪೆಲ್ಲಿನ ಪಾದ್ರಿ ಚಕ್ ಸ್ಮಿತ್ ಮಾತ್ರ ಅವರನ್ನು ಇದ್ದಂತೆಯೇ ಬರಮಾಡಿಕೊಂಡವರಲ್ಲಿ ಪ್ರಮುಖರು. ಅಲ್ಲಿನ ಆರಾಧನೆಯಲ್ಲಿ ಗಿಟಾರಿಗೂ ಆಡುಮಾತಿಗೂ ಸ್ಥಾನ ದೊರೆಯಿತು. ಲ್ಯಾರಿ ನಾರ್ಮನ್ನರ 'ಅಪಾನ್ ದಿಸ್ ರಾಕ್' (1969) ರಾಕ್ ಸಂಗೀತವನ್ನೇ ವಿಶ್ವಾಸದ ಅಭಿವ್ಯಕ್ತಿಯಾಗಿಸಿತು. 1972ರಲ್ಲಿ ಡಲ್ಲಾಸಿನಲ್ಲಿ ನಡೆದ 'ಎಕ್ಸ್‌ಪ್ಲೋ' ಯುವ ಸಮಾವೇಶದಲ್ಲಿ ಬಿಲ್ಲಿ ಗ್ರಹಾಮರ ಪ್ರವಚನವೂ ರಾಕ್ ಗಾಯನವೂ ಜೊತೆಗೂಡಿದವು.

ಆದರೆ ಇದರ ಮರುಮುಖವನ್ನೂ ಗಮನಿಸಬೇಕು. 1971ರಲ್ಲಿ ಕ್ಯಾಲ್ವರಿ ಚಾಪೆಲ್ಲಿನ ಆಶ್ರಯದಲ್ಲೇ 'ಮಾರಾನಾಥಾ ಮ್ಯೂಸಿಕ್' ಎಂಬ ಧ್ವನಿಮುದ್ರಣ ಸಂಸ್ಥೆ ಹುಟ್ಟಿತು. ಮುಂದೆ ಕ್ರೈಸ್ತ ಜನಪ್ರಿಯ ಸಂಗೀತವು ತನ್ನದೇ ಆಕಾಶವಾಣಿ ಕೇಂದ್ರಗಳನ್ನೂ ಅಂಗಡಿಗಳನ್ನೂ ಪಡೆದು ಪ್ರತ್ಯೇಕ ಉದ್ಯಮವಾಯಿತು. ಹೊರಗಿನವರನ್ನು ಕರೆಯಲೆಂದು ಹುಟ್ಟಿದ ಹಾಡು ಬಹುಮಟ್ಟಿಗೆ ಒಳಗಿನವರೇ ಕೊಳ್ಳುವ ಸರಕಾಯಿತು.

ಹೀಗೆ ರೂಪವೆಂಬುದು ಬರಿಯ ಪಾತ್ರೆಯಲ್ಲ. ಅದು ತನ್ನ ಕೇಳುಗರನ್ನೂ ಮಾರುಕಟ್ಟೆಯನ್ನೂ ಜೊತೆಯಲ್ಲೇ ತರುತ್ತದೆ. ಆದ್ದರಿಂದ 'ಕಥಾಮಾಲೆ'ಯಂತಹ ಕೃತಿಗಳ ಅಧ್ಯಯನವೂ ಛಂದಸ್ಸಿನ ವಿವೇಚನೆಗೆ ನಿಲ್ಲದೆ, ಅವನ್ನು ಯಾರು, ಯಾರಿಗಾಗಿ ಹಾಡಿದರು ಎಂಬುದನ್ನು ಕೇಳಬೇಕಾಗುತ್ತದೆ.