ಓವನ್ ಒಂದೇ: ಕೋಳಿ ಮೊದಲೋ, ಬಟಾಟೆ ಮೊದಲೋ?

ಇಡೀ ಕೋಳಿ ಮತ್ತು ಬಟಾಟೆ ಎರಡನ್ನೂ ಒಂದೇ ಓವನ್ನಿನಲ್ಲಿ ಹುರಿದು, ಎರಡನ್ನೂ ಬಿಸಿಬಿಸಿಯಾಗಿ ತಾಟಿಗೆ ಬಡಿಸುವುದು ಕಷ್ಟ. ಜಾಗ ಸಾಲದಿರುವುದು ಇದಕ್ಕೆ ಒಂದು ಕಾರಣ ಅಷ್ಟೇ. ದೊಡ್ಡ ಕಾರಣ ಕಾವು. ಅಂಗಡಿಯಲ್ಲಿ ಸ್ವಚ್ಛ ಮಾಡಿಸಿದ 1.3 ಕಿಲೋ ಬಾಯ್ಲರ್ ಕೋಳಿಗೆ 190ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವು ಹಿತ. ಒಂದು ತಾಸು ಮೇಲೆ ಐದು ಹತ್ತು ನಿಮಿಷದಲ್ಲಿ ಅದು ಬೇಯುತ್ತದೆ. ಬಟಾಟೆಯ ಮೈ ಗರಿಗರಿಯಾಗಲು 220 ಡಿಗ್ರಿ ಬೇಕು, ಸುತ್ತ ಒಣ ಗಾಳಿಯೂ ಬೇಕು. ಆದರೆ ಕೋಳಿ ಬೇಯುವಾಗ ಅದರ ನೀರೆಲ್ಲ ಉಗಿಯಾಗಿ ಓವನ್ ತುಂಬಿಕೊಳ್ಳುತ್ತದೆ. ಆ ಉಗಿಯಲ್ಲಿ ಬಟಾಟೆ ಹುರಿಯುವುದಿಲ್ಲ, ಮೆತ್ತಗೆ ಬೇಯುತ್ತದೆ.

ಈ ತೊಡಕಿಗೆ ಪರಿಹಾರ ಕೋಳಿಯಲ್ಲೇ ಇದೆ. ಓವನ್ನಿನಿಂದ ತೆಗೆದ ಕೋಳಿಯನ್ನು ಕೂಡಲೇ ಕೊಯ್ಯಬಾರದು. ಹಾಗೆ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿದು ಮಾಂಸ ಒಣಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಹೊರಗಿನ ಕಾವು ಒಳಗೆ ಇಳಿಯುತ್ತದೆ, ರಸ ಗಟ್ಟಿಯಾಗಿ ಮಾಂಸದಲ್ಲೇ ನಿಲ್ಲುತ್ತದೆ. ಮೇಲೊಂದು ಪಾತ್ರೆ ಸಡಿಲವಾಗಿ ಮುಚ್ಚಿದ ಕೋಳಿ ಇಷ್ಟು ಹೊತ್ತಿನಲ್ಲಿ ಆರುವುದಿಲ್ಲ. ಆ ಇಪ್ಪತ್ತು ನಿಮಿಷ ಓವನ್ ಖಾಲಿ. ಅದು ಬಟಾಟೆಯ ಪಾಲಿನ ಸಮಯ.

ಆದರೆ ಬಟಾಟೆಗೆ ಒಟ್ಟು ಬೇಕಾಗುವುದು ನಲವತ್ತು ನಿಮಿಷ. ಅರ್ಧ ಕೆಲಸವನ್ನು ಗ್ಯಾಸ್ ಒಲೆಗೆ ವಹಿಸಿದರೂ ಇಪ್ಪತ್ತೇ ನಿಮಿಷದಲ್ಲಿ ಮುಗಿಯುವುದಿಲ್ಲ. ಆದ್ದರಿಂದ ಮೊದಲ ಇಪ್ಪತ್ತು ನಿಮಿಷ ಅದು ಕೋಳಿಯ ಕೆಳಗಿನ ತಟ್ಟೆಯಲ್ಲಿ ಕಳೆಯಬೇಕು. ಕೊನೆಯ ಇಪ್ಪತ್ತು ನಿಮಿಷ ಏರಿಸಿದ ಕಾವಿನಲ್ಲಿ ಒಂಟಿಯಾಗಿ ಹುರಿಯಬೇಕು.

ಒಲೆಯ ಮೇಲಿನ ಕೆಲಸವನ್ನು ಅವಸರದಲ್ಲಿ ಮಾಡಬಾರದು. ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿದ ಬಟಾಟೆಯನ್ನು ಉಪ್ಪು ನೀರಿನಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ, ಅಂಚು ಮೆತ್ತಗಾದ ಮೇಲೆ ನೀರು ಬಸಿಯಬೇಕು. ನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿದರೆ ಹೊರಮೈ ಬೇಗ ಕರಗುತ್ತದೆ. ತರಕಾರಿಯ ಕೋಶಗಳನ್ನು ಹಿಡಿದಿಡುವ ಪೆಕ್ಟಿನ್ ಕ್ಷಾರದಲ್ಲಿ ಸುಲಭವಾಗಿ ಒಡೆಯುವುದೇ ಇದಕ್ಕೆ ಕಾರಣ. ಬಸಿದ ಹೋಳುಗಳನ್ನು ಅದೇ ಪಾತ್ರೆಯಲ್ಲಿ ಎರಡು ನಿಮಿಷ ಆವಿಯಾಡಲು ಬಿಟ್ಟು, ಮುಚ್ಚಳ ಹಾಕಿ ಕುಲುಕಿದರೆ ಮೈಯೆಲ್ಲ ಒರಟಾಗುತ್ತದೆ. ಎಣ್ಣೆ ಹಿಡಿದು ಗರಿಗರಿಯಾಗುವುದು ಆ ಒರಟು ಪದರವೇ. ಬೆಳಗಾವಿಯ ಸುತ್ತಲಿನ ಊರುಗಳು ಸಮುದ್ರಮಟ್ಟದಿಂದ ಆರೇಳುನೂರು ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ಕರಾವಳಿಯವರ ಲೆಕ್ಕಕ್ಕಿಂತ ಒಂದೆರಡು ನಿಮಿಷ ಹೆಚ್ಚು ಕುದಿಸಿದರೆ ಒಳ್ಳೆಯದು.

ಬಟಾಟೆಯ ಜಾತಿಯೂ, ಅದು ಎಲ್ಲಿಂದ ಬಂದಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆಳಗಾವಿ ಮಾರುಕಟ್ಟೆಗೆ ಸ್ಥಳೀಯ ಬೆಳೆಯ ಜೊತೆಗೆ ಇಂದೂರ, ಆಗ್ರಾ ಕಡೆಯ ಮಾಲೂ ಬರುತ್ತದೆ. ಬಹುಕಾಲ ಶೀತಗೃಹದಲ್ಲಿದ್ದ ಬಟಾಟೆಯಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತದೆ. ಅದು ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಗರಿಗರಿಯಾಗುವ ಮೊದಲೇ ಕಪ್ಪಾಗುವುದೂ ಉಂಟು. ಅಂಥ ಬಟಾಟೆಗೆ ಕಾವನ್ನು ಹತ್ತು ಡಿಗ್ರಿ ಇಳಿಸಬೇಕು. ಹೊಸ ಬೆಳೆಯ ತೆಳು ಸಿಪ್ಪೆಯ ಎಳೆ ಬಟಾಟೆಯಲ್ಲಿ ನೀರಿನಂಶ ಹೆಚ್ಚು. ಅದು ಪಲ್ಯಕ್ಕೆ ಚೆನ್ನ, ಇದಕ್ಕೆ ಅಷ್ಟಕ್ಕಷ್ಟೇ.

ಊಟ ರಾತ್ರಿ ಎಂಟಕ್ಕೆ ಎಂದಿಟ್ಟುಕೊಂಡರೆ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಬಟಾಟೆ ಓವನ್ನಿನಿಂದ ನೇರವಾಗಿ ತಾಟಿಗೆ ಬರಬೇಕು. ಹುರಿದ ಬಟಾಟೆಗೆ ಕಾಯುವ ಗುಣ ಇಲ್ಲ, ಹತ್ತು ನಿಮಿಷದಲ್ಲಿ ಒಳಗಿನ ಆವಿ ಹೊರಮೈಯನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ 7:35ಕ್ಕೆ ಕೋಳಿ ಹೊರಗೆ ಬಂದು, ಕಾವು 220ಕ್ಕೆ ಏರಬೇಕು. ಅದಕ್ಕೂ ಇಪ್ಪತ್ತು ನಿಮಿಷ ಮೊದಲು, 7:15ಕ್ಕೆ, ಕೆಳತಟ್ಟೆಯಲ್ಲಿ ಕಾಯಿಸಿಟ್ಟ ಎಣ್ಣೆಗೆ ಬಟಾಟೆ ಬೀಳಬೇಕು. 6:50ರ ಹೊತ್ತಿಗೆ ಒಲೆಯ ಮೇಲೆ ನೀರಿಡಬೇಕು. ಕೋಳಿ ಓವನ್ ಸೇರುವುದು 6:30ಕ್ಕೆ, ಓವನ್ ಹಚ್ಚುವುದು 6:15ಕ್ಕೆ. ಫ್ರಿಜ್ಜಿನಲ್ಲಿದ್ದ ಕೋಳಿಯನ್ನು ಅರ್ಧ ತಾಸು ಮೊದಲೇ ಹೊರಗಿಡಬೇಕು. ಇಲ್ಲದಿದ್ದರೆ ಮುಂದಿನ ಗಡಿಯಾರವೆಲ್ಲ ತಪ್ಪುತ್ತದೆ. ರೊಟ್ಟಿ ಬಡಿಯುವವರಿಗೆ ಕೊನೆಯ ಇಪ್ಪತ್ತು ನಿಮಿಷ ಒಲೆ ಖಾಲಿ ಸಿಗುತ್ತದೆ.

ಎರಡು ತಟ್ಟೆ ಹಿಡಿಸದ ಪುಟ್ಟ ಓವನ್ ಇದ್ದವರು ಕ್ರಮ ಬದಲಿಸಬೇಕು. ಬಟಾಟೆಯನ್ನು ಮಧ್ಯಾಹ್ನವೇ ಕುದಿಸಿ, ತಿಳಿ ಬಣ್ಣ ಬರುವವರೆಗೆ ಹುರಿದು ತೆಗೆದಿಟ್ಟರೆ, ಕೋಳಿ ಹೊರಬಂದ ಮೇಲಿನ ಇಪ್ಪತ್ತು ನಿಮಿಷ ಸಾಕಾಗುತ್ತದೆ. ಎರಡು ಸಲ ಹುರಿದ ಬಟಾಟೆಯೇ ಹೆಚ್ಚು ಗರಿಗರಿ ಎಂಬುದೂ ನಿಜ. ಕೋಳಿಯ ತುಂಡುಗಳನ್ನು ಬಟಾಟೆಯ ಮೇಲೆ ಹರಡಿ ಒಟ್ಟಿಗೆ ಬೇಯಿಸುವ ಮೂರನೆಯ ದಾರಿ ಸುಲಭ, ಮುಕ್ಕಾಲು ತಾಸಿನಲ್ಲಿ ಮುಗಿಯುತ್ತದೆ. ರುಚಿಗೆ ಮೋಸವಿಲ್ಲ, ಆದರೆ ಗರಿಗರಿ ಆಗುತ್ತದೆಂದು ನಂಬಬಾರದು.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ವಿದ್ಯುತ್ತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿಗೆ ಈ ವಿಷಯದಲ್ಲಿ ತನ್ನದೇ ಚರಿತ್ರೆಯಿದೆ. ದೇಶದಲ್ಲಿ ಮೊದಲು ಪ್ರಯೋಗಕ್ಕೆಂದು ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ 1969ರಲ್ಲಿ ಹುಟ್ಟಿದ ಹುಕ್ಕೇರಿಯ ಸಂಘವೂ ಒಂದು. ಕರೆಂಟು ಯಾರೇ ಕೊಡಲಿ, ಸಂಜೆ ಹೊತ್ತು ವೋಲ್ಟೇಜ್ ಇಳಿದಾಗ ಓವನ್ ಸೊರಗುತ್ತದೆ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230 ವೋಲ್ಟ್ 200ಕ್ಕೆ ಬಂದರೆ ಶಾಖದಲ್ಲಿ ಕಾಲು ಪಾಲು ಕಡಿಮೆ. ಆಗ ಓವನ್ ಕಾಯಲು ಹದಿನೈದರ ಬದಲು ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಬಾಗಿಲು ತೆಗೆದಾಗ ಹೋದ ಕಾವು ಮರಳುವುದೂ ನಿಧಾನ. 1,600 ವ್ಯಾಟಿನ ಓವನ್ ಸುಮಾರು 7 ಆಂಪಿಯರ್ ಎಳೆಯುವುದರಿಂದ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು. ಮಿಕ್ಸರಿನ ಸಾಕೆಟ್ಟಿಗೆ ಚುಚ್ಚಬಾರದು.

ಆದ್ದರಿಂದ ಕೋಳಿ ಬೆಂದಿದೆಯೋ ಇಲ್ಲವೋ ಎಂಬುದನ್ನು ಗಡಿಯಾರಕ್ಕೆ ಬಿಡುವಂತಿಲ್ಲ. ತೊಡೆಯ ದಪ್ಪ ಭಾಗದಲ್ಲಿ, ಎಲುಬಿಗೆ ತಾಗದಂತೆ ಚುಚ್ಚಿದ ಅಡುಗೆ ಥರ್ಮಾಮೀಟರ್ 74 ಡಿಗ್ರಿ ತೋರಿಸಬೇಕು; ತೊಡೆಗೆ 80 ಆದರೆ ಇನ್ನೂ ಮೆತ್ತಗೆ. ಥರ್ಮಾಮೀಟರ್ ಇಲ್ಲದವರು ಕಾಲಿನ ಕೀಲು ಸಡಿಲಾಗಿದೆಯೇ, ತೊಡೆಯ ಸಂದಿನ ಮಾಂಸದಲ್ಲಿ ಹಸಿತನ ಉಳಿದಿದೆಯೇ ಎಂದು ನೋಡಬಹುದು. ಮಸಾಲೆ ಖಾರ ಸವರಿದ ಕೋಳಿಗೆ ಮೇಲಿನ ಕಾಯಿಲ್ ಹಚ್ಚಲೇಬಾರದು, ಖಾರ ಸೀದು ಕಹಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುವುದು ರೂಢಿ. ಚರ್ಮವಿಲ್ಲದ ಕೋಳಿಗೆ ಮೊಸರು, ಎಣ್ಣೆಯ ಹೊದಿಕೆ ಬೇಕು.

ಜವಾರಿ ಕೋಳಿಗೆ ಮಾತ್ರ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ತಿಂಗಳುಗಟ್ಟಲೆ ಓಡಾಡಿ ಬೆಳೆದ ಅದರ ಸ್ನಾಯುಗಳಲ್ಲಿ ಗಟ್ಟಿ ಕೊಲಾಜನ್ ತುಂಬಿರುತ್ತದೆ. ಅದು ಕರಗಲು ಒಣ ಶಾಖ ಸಾಲದು, ನೀರಿನಲ್ಲಿ ಬಹುಹೊತ್ತು ಬೇಯಬೇಕು. ಐದಾರು ವಾರಕ್ಕೇ ಅಂಗಡಿ ಸೇರುವ ಬಾಯ್ಲರಿನ ಹಾಗೆ ಅದನ್ನು ಹುರಿದರೆ ಜಗಿಯಲಾಗದ ಮಾಂಸ ಸಿಗುತ್ತದೆ. ಪುಕ್ಕ ತೆಗೆದು, ಬೆಂಕಿಯಲ್ಲಿ ಸುಟ್ಟು, ಅರಿಸಿನ ಸವರಿ, ಕುಕ್ಕರಿನಲ್ಲಿ ಸಾರು ಮಾಡುವುದೇ ಅದಕ್ಕೆ ಸರಿ. ಆ ದಿನ ಓವನ್ ಪೂರ್ತಿ ಬಟಾಟೆಗೇ ಬಿಡಬಹುದು.